ಮೊಮ್ಮಗನ ಯಾದಿ, ನಮ್ಮ ಸೌದಾ



ಕಳೆದ ತಿಂಗಳು ಉದ್ರಿ ವಸೂಲಿಯ ವಿಷಯ ಬರೆದಿದ್ದೆವು. ಈ ಸಲ ಕಂಪ್ಯೂಟರಿನ ವಿಷಯ ಎಂದರೆ ಕೆಲವರು ನಗಬಹುದು. ಅರಿಷಿಣದ ಪೇಟೆಯಲ್ಲಿ ತಲೆ ಬೆಳ್ಳಗಾದವರಿಗೆ ಇದರ ಉಸಾಬರಿ ಏಕೆ ಎಂದು ನಮ್ಮ ಮನೆಯವರೂ ಕೇಳಿದರು. ಆದರೆ ಈ ವ್ಯವಹಾರದಲ್ಲಿ ನಾವೇ ಒಂದು ತಪ್ಪು ಸೌದಾ ಮಾಡಿ ಬಂದಿದ್ದೇವೆ. ಇಂದು ಸಾಂಗಲಿ, ಮಿರಜ, ಇಚಲಕರಂಜಿ, ಎಲ್ಲೆಡೆ ನಮ್ಮ ಮನೆಗಳ ಹುಡುಗರು ಇದನ್ನೇ ಕೇಳುತ್ತಿರುವುದರಿಂದ ನಾಲ್ಕು ಮಾತು ಬರೆಯುತ್ತೇವೆ.

ಮೊಮ್ಮಗನಿಗೆ ಹದಿನೇಳು ವರ್ಷ. ದೀಪಾವಳಿ ಪಾಡ್ಯದ ಹಣ, ಹತ್ತನೆಯ ತರಗತಿಯ ಬಹುಮಾನ, ಸೋದರಮಾವಂದಿರು ಕೈಯಲ್ಲಿಟ್ಟದ್ದು, ಎಲ್ಲವನ್ನೂ ನಾಲ್ಕು ವರ್ಷ ಕೂಡಿಹಾಕಿದ್ದ. ಉಳಿದದ್ದನ್ನು ನಾವು ಹಾಕಬೇಕು, ಒಟ್ಟು 1 ಲಕ್ಷ ರೂಪಾಯಿ ದಾಟಬಾರದು ಎಂದು ಕರಾರು ಆಯಿತು. ಅವನು ಒಂದು ಯಾದಿ ಮಾಡಿ ತಂದ. ಆಟ ಆಡುವ ಕಂಪ್ಯೂಟರನ್ನು ಪೂರ್ತಿ ಡಬ್ಬಿಯಾಗಿ ಕೊಳ್ಳುವುದಕ್ಕಿಂತ ಬಿಡಿಭಾಗ ತಂದು ಜೋಡಿಸಿಕೊಳ್ಳುವುದು ಲೇಸು, ಪ್ರತಿಯೊಂದರ ಗುಣ ನಮಗೆ ಗೊತ್ತಿರುತ್ತದೆ ಎಂದ. ಈ ಮಾತು ನಮಗೆ ಒಪ್ಪಿಗೆಯಾಯಿತು. ಪುಡಿ ಮಾಡಿದ ಅರಿಷಿಣಕ್ಕಿಂತ ಇಡೀ ಕೊಂಬು ನೋಡಿ ಕೊಳ್ಳುವುದು ಮೇಲು.

ಯಾದಿ ನೋಡುವಾಗ ನಮಗೆ ಮಿರಜದ ಸಿತಾರಮೇಕರ ಗಲ್ಲಿ ನೆನಪಾಯಿತು. ಹಿಂದೆ ತಂಗಿಯ ಮಗಳಿಗೆ ತಂಬೂರಿ ಕೊಳ್ಳಲು ಅಲ್ಲಿಗೆ ಹೋಗಿದ್ದೆವು. ನಮ್ಮ ರೂಢಿಯಂತೆ "ಬೆಲೆ ಎಷ್ಟು?" ಎಂದು ಮೊದಲು ಕೇಳಿದೆವು. ಕಸುಬುದಾರರು ಉತ್ತರ ಕೊಡಲಿಲ್ಲ. "ಹಾಡುವವರು ಯಾರು? ಯಾವ ಪಟ್ಟಿ?" ಎಂದು ಕೇಳಿದರು. ಹೆಣ್ಣು ದನಿಗೆ ಚಿಕ್ಕ ತಂಬೂರಿ, ತೆಳುವಾದ ತಂತಿ; ಗಂಡು ದನಿಗೆ ದೊಡ್ಡ ಕುಂಬಳ, ಉದ್ದ ದಂಡಿ, ದಪ್ಪ ತಂತಿ. ಪಂಢರಪುರ, ಮಂಗಳವೇಢೆ ಕಡೆಯಿಂದ ಬರುವ ಆ ಬುರುಡೆ ಎಷ್ಟೇ ಚೆಂದವಿದ್ದರೂ ದಂಡಿಗೆ ಹೊಂದದಿದ್ದರೆ ಪಕ್ಕಕ್ಕಿಡುತ್ತಾರೆ. ಫರೀದಸಾಹೇಬರ ಕಾಲದಿಂದ ಬಂದ ವಿದ್ಯೆ ಅದು. ಮೂಲದಲ್ಲಿ ಶಿಕಲಗಾರರು, ಅಂದರೆ ಕತ್ತಿ ಭಲ್ಲೆಗಳನ್ನು ಮಸೆಯುವವರು; ಆ ಕೈಗಳೇ ತಂಬೂರಿಗೆ ತಿರುಗಿದವು. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು.

ಆದ್ದರಿಂದ ನಾವೂ ಮೊಮ್ಮಗನಿಗೆ ಬೆಲೆ ಕೇಳಲಿಲ್ಲ, "ಯಾವ ಆಟ ಆಡಾವ?" ಎಂದು ಕೇಳಿದೆವು. ಕಾರು ಓಡಿಸುವುದು, ಕಾಲ್ಚೆಂಡು, ಕ್ರಿಕೆಟ್ ಎಂದ. ಸ್ವಲ್ಪ ತಡೆದು, ಗುಂಡು ಹಾರಿಸುವ ಒಂದು ಆಟದ ಹೆಸರನ್ನೂ ಹೇಳಿದ. ಗೆಳೆಯರೆಲ್ಲ ಆಡುತ್ತಾರಂತೆ.

ಇದು ಬರೀ ಮನೆಯ ಶಿಸ್ತಿನ ಪ್ರಶ್ನೆಯಲ್ಲ, ಖರೀದಿಯ ಪ್ರಶ್ನೆಯೂ ಹೌದು. ಗುಂಡಿನ ಆಟದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಫಲಿತಾಂಶ. ಹೀಗಾಗಿ ಸೆಕೆಂಡಿಗೆ 144 ಸಲ ಅಥವಾ ಅದಕ್ಕೂ ಹೆಚ್ಚು ಚಿತ್ರ ಬದಲಿಸುವ ಪರದೆ ಬೇಕೆನ್ನುತ್ತಾರೆ. ಅಷ್ಟು ಚಿತ್ರಗಳನ್ನು ಒದಗಿಸುವ ಪ್ರೊಸೆಸರ್ ಬೇಕು. ಕಾರು, ಕಾಲ್ಚೆಂಡಿನ ಆಟಕ್ಕೆ ಸೆಕೆಂಡಿಗೆ 60 ಚಿತ್ರ ನಿಲ್ಲದೆ ಬಂದರೆ ಸಾಕು. ಪರದೆಯ ನವಿರಿನದೂ ಇದೇ ಲೆಕ್ಕ. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. 4ಕೆ ಎಂಬುದರಲ್ಲಿ 3840 ಮತ್ತು 2160, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಪರದೆ ದೊಡ್ಡದು ತಂದು ಕಾರ್ಡು ಚಿಕ್ಕದು ತಂದರೆ ಒಂದೆತ್ತಿನ ಬಂಡಿಗೆ ಎರಡೆತ್ತಿನ ಹೇರು ಹೇರಿದಂತೆ.

ಗುಂಡಿನ ಆಟದ ವಿಷಯದಲ್ಲಿ ನಾವು ಯಶೋಧರನ ಕಥೆ ತೆಗೆದೆವು. 1209ರಲ್ಲಿ ಜನ್ನ ಕವಿ ಬರೆದದ್ದು. ಬಸದಿಯ ಪ್ರವಚನದಲ್ಲಿ ನಮ್ಮ ಮಕ್ಕಳೆಲ್ಲ ಕೇಳಿದ್ದೇ. ಕೊಂದದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪ ಹಿಂಸೆಯೇ ಆಗಿ ತಾಯಿ ಮಗ ಇಬ್ಬರೂ ಪ್ರಾಣಿ ಜನ್ಮಗಳಲ್ಲಿ ತೊಳಲಿದರು. "ಪರದೆಯ ಮ್ಯಾಲಿನ ಮನುಷ್ಯಾ ಹಿಟ್ಟಿನ ಕೋಳಿ ಹೌದಲ್ಲೋ?" ಎಂದೆವು. ಹುಡುಗ ಸುಮ್ಮನಿರಲಿಲ್ಲ. "ಅಜ್ಜಾ, ಯಶೋಧರ ಬಲಿ ಅಂತ ಮನಸ್ಸು ಮಾಡಿ ಕೊಂದ್ನಲ್ಲ. ನಾ ಆಟ ಅಂತ ಆಡತೇನಿ. ಚದುರಂಗದಾಗ ಆನಿ ಕುದುರಿ ಹೊಡಿತೀರಿ, ಅದು?" ಎಂದ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಮಗೆ ಉತ್ತರ ತೋಚಲಿಲ್ಲ. ಎರಡು ದಿನ ಬಿಟ್ಟು ಹೇಳಿದೆವು: ಚದುರಂಗದಲ್ಲಿ ರಕ್ತ ಚೆಲ್ಲುವುದನ್ನು ತೋರಿಸಿ ಖುಷಿಪಡಿಸುವುದಿಲ್ಲ, ಇದರಲ್ಲಿ ಅದೇ ಖುಷಿ. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಯಾದಿಯಲ್ಲಿ ದುಬಾರಿ ಪರದೆಯನ್ನು ಹೊಡೆದುಹಾಕಿ ಸಾಧಾರಣ 24 ಇಂಚಿನದು ಬರೆದ.

ಇನ್ನು ಯಾದಿಯ ವಿವರ. ಹಿರಿಯರು ಇದನ್ನು ಸಾವಕಾಶ ಓದಬೇಕು.

ಮೊದಲು ಪ್ರೊಸೆಸರ್ ಮತ್ತು ಮದರ್‌ಬೋರ್ಡ್. ಇವು ಬೀಗ ಮತ್ತು ಕೀಲಿ. ಪ್ರೊಸೆಸರ್ ಕೂರುವ ಗೂಡಿಗೆ ಸಾಕೆಟ್ ಎನ್ನುತ್ತಾರೆ. ಎಎಂಡಿ ಕಂಪನಿಯ ಹಳೆಯ ಗೂಡು ಎಎಂ4. 2022ರಲ್ಲಿ ಬಂದದ್ದು ಎಎಂ5, ಅದರಲ್ಲಿ 1718 ಸಂಪರ್ಕ ಬಿಂದುಗಳು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಇಂಟೆಲ್ ಕಂಪನಿಯದು ಬೇರೆಯೇ: ಎಲ್‌ಜಿಎ 1700, ಆಮೇಲೆ 2024ರಲ್ಲಿ 1851. ಹೆಸರಿನ ಅಂಕಿಯೇ ಗೂಡಿನ ಸಂಪರ್ಕ ಬಿಂದುಗಳ ಎಣಿಕೆಯಾದ್ದರಿಂದ ನಮ್ಮಂಥವರಿಗೂ ತಿಳಿಯುತ್ತದೆ. ಮೊಮ್ಮಗ ಬರೆದದ್ದು ರೈಜನ್ 5 7600, ಎಎಂ5 ಗೂಡಿನದು, 65 ವ್ಯಾಟಿನದು. ತಣ್ಣಗಿಡುವ ಫ್ಯಾನು ಅದರ ಪೆಟ್ಟಿಗೆಯಲ್ಲೇ ಬರುತ್ತದೆ. ಹೆಸರಿನ ಕೊನೆಗೆ ಎಕ್ಸ್ ಇರುವ 7600ಎಕ್ಸ್ ಕೊಂಡರೆ ಫ್ಯಾನು ಬೇರೆ ತರಬೇಕು. ಒಂದು ಅಕ್ಷರಕ್ಕೆ ಇಷ್ಟು ಬೆಲೆ! ಗೂಡು ಹೊಂದಿದರೂ ಇನ್ನೊಂದು ತೊಡಕಿದೆ. 2022ರ ಬೋರ್ಡಿಗೆ 2024ರ ಪ್ರೊಸೆಸರ್ ಹಾಕಿದರೆ, ಬೋರ್ಡಿನೊಳಗಿನ ಬಯಾಸ್ ಎಂಬ ತಂತ್ರಾಂಶವನ್ನು ಹೊಸದು ಮಾಡುವ ತನಕ ಅದು ಗುರುತು ಹಿಡಿಯುವುದಿಲ್ಲ. ಕೊಳ್ಳುವಾಗಲೇ ಕೇಳಬೇಕು.

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರುತ್ತೇವೆ.

2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ದರ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮಾಲು ಸೆಳೆದುಕೊಂಡವು, ಚಿಲ್ಲರೆ ಪೇಟೆಗೆ ಬರ ಬಂತು. ಮೊಮ್ಮಗನ ಯಾದಿಯಲ್ಲಿ ಡಿಡಿಆರ್5 ಮೆಮೊರಿ, 8 ಜಿಬಿಯ ಎರಡು ಪಟ್ಟಿ, ಎಂದಿತ್ತು. ನಾವು ಕೆಲಸದ ಮೇಲೆ ಪರಊರಿಗೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ ಹಳೆಯ ದಾಸ್ತಾನು ಹಳೆಯ ದರಕ್ಕೆ ಸಿಗುತ್ತದೆ ಎಂದರು. ಅಂಗಡಿಯ ಹುಡುಗ "16 ಜಿಬಿ ಅಂದ್ರ 16 ಜಿಬಿನೇ ಸಾಹುಕಾರ್ರ" ಎಂದ. ಹಳೆಯ ದರದ ಮಾಲು ಕಂಡರೆ ವ್ಯಾಪಾರಿಯ ಕೈ ನಿಲ್ಲುವುದಿಲ್ಲ. ಮೊಮ್ಮಗನಿಗೆ ಒಂದು ಫೋನು ಮಾಡುವುದು ಬಿಟ್ಟು, ಅವನಿಗೆ ಅಚ್ಚರಿ ಮಾಡೋಣ ಎಂದು ರೊಕ್ಕ ಎಣಿಸಿ ತಂದೆವು. ಅದು ಡಿಡಿಆರ್4.

ಎರಡೂ ನೋಡಲು ಒಂದೇ ಉದ್ದ. ಎರಡಕ್ಕೂ 288 ಪಿನ್ನು. ಆದರೆ ಕೆಳಗಿನ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಅದರ ಸ್ಥಾನ ಬೇರೆ. ಒಂದಕ್ಕೆ 1.2 ವೋಲ್ಟ್, ಇನ್ನೊಂದಕ್ಕೆ 1.1. ತಪ್ಪಿ ಹಾಕಬಾರದೆಂದೇ ಕಚ್ಚನ್ನು ಸರಿಸಿದ್ದಾರೆ. ಎಎಂ5 ಬೋರ್ಡು ಡಿಡಿಆರ್5 ಬಿಟ್ಟು ಬೇರೆ ತೆಗೆದುಕೊಳ್ಳುವುದೇ ಇಲ್ಲ. ಇಂಟೆಲ್‌ನ 1700 ಗೂಡಿನಲ್ಲಾದರೆ ಎರಡು ಬಗೆಯ ಬೋರ್ಡೂ ಉಂಟು. ಅಲ್ಲಿ ಬೋರ್ಡಿನ ಹೆಸರನ್ನೇ ಓದಿ ನೋಡಬೇಕು. ಹುಡುಗ ಪೆಟ್ಟಿಗೆ ಬಿಚ್ಚಿ ಒಂದು ಸಲ ಬೋರ್ಡಿನ ಮೇಲೆ ಹಿಡಿದು ನೋಡಿ, "ಅಜ್ಜಾ, ಇದು ಹೊಂದೂದಿಲ್ರಿ" ಎಂದು ಕೆಳಗಿಟ್ಟ. ಅವನ ಮುಖ ನೋಡಲಾಗಲಿಲ್ಲ. ತರಲು ಕೊಟ್ಟಿದ್ದ ರೊಕ್ಕ ಅವನದೇ ಆಗಿತ್ತು.

ಬಿಚ್ಚಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಸಿಟ್ಟು ಬಂತು, ಆದರೆ ಹೊಲಿಗೆ ಬಿಚ್ಚಿದ ಚೀಲವನ್ನು ನಾವೂ ವಾಪಸು ಪಡೆಯುವುದಿಲ್ಲವಲ್ಲ. ಸಂಬಂಧಿಕರೊಬ್ಬರು, "ಡಬ್ಬಿಗೆ ಸಣ್ಣಗೆ ಗೋಂದು ಹಚ್ಚಿ ಮುಚ್ಚಿ ಬೇರೆ ಆಳಿನ ಕೈಲಿ ಕಳಿಸಿ, ಬಿಚ್ಚಿಲ್ಲ ಅನ್ನಿ" ಎಂದು ಉಪಾಯ ಹೇಳಿದರು. ಮೊಮ್ಮಗ ಅಲ್ಲೇ ಕೂತಿದ್ದ, ನಮ್ಮ ಬಾಯಿಯನ್ನೇ ನೋಡುತ್ತಿದ್ದ. ಹಿಂದಿನ ವಾರವಷ್ಟೇ ಅವನಿಗೆ ಹಿಟ್ಟಿನ ಕೋಳಿಯ ಕಥೆ ಹೇಳಿದ್ದೆವು. ಬೇಡ ಎಂದೆವು. ಆ ಮೊತ್ತವನ್ನು ನಮ್ಮ ಸ್ವಂತ ಖಾತೆಯಿಂದ ಅವನ ಖಾತೆಗೆ ಜಮಾ ಬರೆದೆವು. ಅವನು ಡಿಡಿಆರ್5 ತಾನೇ ಹೋಗಿ ತಂದ, ಈ ಸಲ ಏರಿದ ದರಕ್ಕೆ.

ಎರಡು ಪಟ್ಟಿ ಏಕೆ, 16 ಜಿಬಿಯ ಒಂದೇ ತಂದರೆ ಅಗ್ಗವಲ್ಲವೇ ಎಂದು ಕೇಳಿದ್ದೆವು. ಬೋರ್ಡಿನಲ್ಲಿ ಮೆಮೊರಿಗೆ ಎರಡು ದಾರಿ ಇರುತ್ತವೆ. ಸಮಜೋಡಿ ಹಾಕಿದರೆ ಎರಡೂ ದಾರಿಯಲ್ಲಿ ಸಾಗಾಟ ನಡೆಯುತ್ತದೆ. ನಾಲ್ಕು ಗೂಡಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು ತುಂಬಬೇಕು. ಜೋಡೆತ್ತು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಹಿತಿ ಕೂಡಿಡುವ ಭಾಗ ಎಂ.2 ಎಂಬ ಚಿಕ್ಕ ಪಟ್ಟಿ, 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಇದರಲ್ಲೂ ಒಂದೇ ರೂಪದ ಎರಡು ಜಾತಿ ಇವೆ, ಎನ್‌ವಿಎಂಇ ಮತ್ತು ಸಾಟಾ. ಬೋರ್ಡು ಯಾವುದನ್ನು ಒಪ್ಪುತ್ತದೆಂದು ಅದರ ಪುಸ್ತಕದಲ್ಲಿ ಬರೆದಿರುತ್ತದೆ.

ಪವರ್ ಸಪ್ಲೈ ಬಗ್ಗೆ ವ್ಯಾಪಾರಿಗಳು ವಿಶೇಷ ಎಚ್ಚರ ವಹಿಸಬೇಕು. ಎಲ್ಲರೂ ಕಾರ್ಡಿಗೆ ಮೂವತ್ತು ಸಾವಿರ ಸುರಿದು ಇಲ್ಲಿ ಜಿಪುಣತನ ಮಾಡುತ್ತಾರೆ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಹೆಸರಿಲ್ಲದ ಡಬ್ಬಿ ಹಾಕುತ್ತಾರೆ. ಅದು ಕೆಟ್ಟರೆ ತಾನೊಂದೇ ಹೋಗದೆ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಲೆಕ್ಕ ಸುಲಭವಿದೆ. ಆರ್‌ಟಿಎಕ್ಸ್ 5060 ಕಾರ್ಡಿಗೆ 145 ವ್ಯಾಟ್. ಎನ್‌ವಿಡಿಯಾ ಕಂಪನಿಯೇ 550 ವ್ಯಾಟಿನ ಸಪ್ಲೈ ಇರಲಿ ಎಂದು ಹೇಳುತ್ತದೆ. 80 ಪ್ಲಸ್ ಎಂಬ ಮುದ್ರೆಯಿರುವ, ಹೆಸರುಳ್ಳ ಕಂಪನಿಯ 550 ವ್ಯಾಟಿನದನ್ನೇ ತಂದೆವು. ಯುಪಿಎಸ್ ಮೇಲೆ 600 ವಿಎ ಎಂದು ಬರೆದಿದ್ದರೆ ಅದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಇದೂ ಒಂದು ತಕ್ಕಡಿಯ ಆಟವೇ.

ಕ್ಯಾಬಿನೆಟ್ ಕೊಳ್ಳುವಾಗ ಟೇಪು ಹಿಡಿದು ಹೋಗಬೇಕು. ಮೈಕ್ರೋ ಎಟಿಎಕ್ಸ್ ಬೋರ್ಡು 244 ಮಿಲಿಮೀಟರ್ ಚೌಕ, ಪೂರ್ಣ ಎಟಿಎಕ್ಸ್ 305ಕ್ಕೆ 244. ಕಾರ್ಡಿನ ಉದ್ದ, ಫ್ಯಾನಿನ ಎತ್ತರ ಎರಡೂ ಒಳಗೆ ಹಿಡಿಯಬೇಕು. ಬಣ್ಣದ ದೀಪಗಳಿಗೆ ಮರುಳಾಗದೆ ಮುಂದೆ ಗಾಳಿಗೆ ಜಾಲರಿ ಇದೆಯೋ ನೋಡಬೇಕು. ನಮ್ಮ ಬೇಸಿಗೆ ಅಂಥದು. ಅರಿಷಿಣದ ಧೂಳಿಗಂತೂ ಜಾಲರಿಯೊಂದೇ ಸಾಲದು. 2019ರ ಮಹಾಪೂರದಲ್ಲಿ ಪೇಟೆಯೊಳಗೆ ಕೃಷ್ಣೆಯ ನೀರು ಬಂದದ್ದನ್ನು ಕಂಡವರು ನಾವು, ಹೀಗಾಗಿ ಎರಡೂ ಕಾರಣಕ್ಕೆ ಅಟ್ಟದ ಕೋಣೆಯಲ್ಲಿ ಇಡಿಸಿದೆವು.

ಬಿಲ್ಲಿನ ವಿಷಯ ಒಂದಿದೆ. ಅಂಗಡಿಯ ಜಿಎಸ್‌ಟಿ ನಂಬರಿಗೆ ಬಿಲ್ಲು ಮಾಡಿಸಿದರೆ 18 ಪ್ರತಿಶತ ಕ್ರೆಡಿಟ್ ಸಿಗುತ್ತದೆ ಎಂದು ಮಗ ಸೂಚಿಸಿದ. ಆಟದ ಕಂಪ್ಯೂಟರು ಅಂಗಡಿಯ ಬಳಕೆಯದಲ್ಲ, ಸ್ವಂತ ಬಳಕೆಯ ವಸ್ತುವಿಗೆ ಕಾಯದೆಯಲ್ಲಿ ಕ್ರೆಡಿಟ್ ಇಲ್ಲ. ಹಾಗೆ ಮಾಡುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆಂದು ಗೊತ್ತು. ಅಚೌರ್ಯಾಣುವ್ರತ ತೆಗೆದುಕೊಂಡವರು ಅದನ್ನು ತಿಜೋರಿಯ ಹೊರಗೆ ಮಾತ್ರ ಪಾಲಿಸುತ್ತಾರೋ ಏನೋ. ಬಿಲ್ಲು ಮೊಮ್ಮಗನ ಹೆಸರಿಗೇ ಆಯಿತು.

ಒಂದು ಭಾನುವಾರ ಬೆಳಿಗ್ಗೆ ಅಭಿಷೇಕ ಮುಗಿಸಿ ಬಂದು ಜೋಡಿಸಲು ಕೂತ. ನಾವು ಸ್ಕ್ರೂಗಳ ಬಟ್ಟಲು ಹಿಡಿದು ಕೂತೆವು. ಪ್ರೊಸೆಸರಿನ ಮೂಲೆಯಲ್ಲಿ ಚಿಕ್ಕ ತ್ರಿಕೋನ ಇರುತ್ತದೆ, ಗೂಡಿನ ಗುರುತಿಗೆ ಅದನ್ನು ಸರಿಹೊಂದಿಸಿ ಇಟ್ಟರೆ ತನ್ನ ಭಾರಕ್ಕೇ ಕೂರುತ್ತದೆ, ಒತ್ತುವ ಹಾಗಿಲ್ಲ. ಸಂಜೆಯ ಊಟದ ಹೊತ್ತಿಗೆ ಚಾಲೂ ಆಯಿತು. ಆದರೆ ಕಾರಿನ ಆಟ ಹಾಕಿದರೆ ಚಿತ್ರ ತಡವರಿಸಿ ತಡವರಿಸಿ ಬಂತು. ಕಾರ್ಡು ಖೋಟಾ ಇರಬೇಕೆಂದು ನಾವು ಅಂಗಡಿಯವರನ್ನು ಬೈಯಲು ಶುರುಮಾಡಿದ್ದೆವು. ಹುಡುಗ ಹಿಂದೆ ಬಗ್ಗಿ ನೋಡಿದ. ಪರದೆಯ ಕೇಬಲ್ಲನ್ನು ಕಾರ್ಡಿಗೆ ಚುಚ್ಚುವ ಬದಲು ಬೋರ್ಡಿಗೆ ಚುಚ್ಚಿದ್ದೆವು. ಚುಚ್ಚಿದವರು ನಾವೇ. ಈ ಪ್ರೊಸೆಸರಿನಲ್ಲಿ ಚಿತ್ರ ತೋರಿಸುವ ಚಿಕ್ಕ ಶಕ್ತಿ ಒಳಗೇ ಇರುವುದರಿಂದ ಪರದೆ ಹತ್ತಿತ್ತು. ಮೂವತ್ತು ಸಾವಿರದ ಕಾರ್ಡು ಸುಮ್ಮನೆ ಕೂತಿತ್ತು. ಕೇಬಲ್ ಬದಲಿಸಿದೊಡನೆ ಕಾರು ಓಡಿತು.

ಆ ಡಿಡಿಆರ್4 ಪಟ್ಟಿಗಳು ಎರಡು ತಿಂಗಳು ತಿಜೋರಿಯಲ್ಲಿದ್ದವು. ಆಮೇಲೆ ಮೊಮ್ಮಗನೇ ಅಂಗಡಿಯ ಲೆಕ್ಕದ ಕಂಪ್ಯೂಟರು ಬಿಚ್ಚಿ ನೋಡಿ, ಇದು ಡಿಡಿಆರ್4 ಬೋರ್ಡು, ಎರಡು ಗೂಡು ಖಾಲಿ ಇವೆ ಎಂದ. ಹಾಕಿದ. ಟ್ಯಾಲಿ ಈಗ ಚುರುಕಾಗಿ ತೆರೆಯುತ್ತದೆಂದು ಗುಮಾಸ್ತರು ಹೇಳುತ್ತಾರೆ. ಆ ಮಾಲನ್ನು ಅಂಗಡಿಯ ಖರ್ಚಿಗೆ ಈಗ ಬರೆಯಬಹುದೋ ಎಂದು ಲೆಕ್ಕಪರಿಶೋಧಕರನ್ನು ಕೇಳಬೇಕಾಗಿದೆ.

ದಶಲಕ್ಷಣದ ಹತ್ತು ದಿನ ಅಟ್ಟದ ಕೋಣೆಗೆ ಚಿಲಕ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಗುಂಡಿನ ಆಟ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇದುವರೆಗೆ ಬಂದಿಲ್ಲ. ಗೆಳೆಯರ ಮನೆಯಲ್ಲಿ ಆಡುತ್ತಾನೋ ಇಲ್ಲವೋ, ನಾವು ಕೇಳಿಲ್ಲ.