ಅರ್ಧಕ್ಕೆ ನಿಂತ ಕಟ್ಟಡ, ವಾಹನ ನಿಲುಗಡೆಯ ಶುಲ್ಕ: ಗ್ರಾಹಕ ವ್ಯಾಜ್ಯ ಮತ್ತು ವರ್ತಕರ ಹೊಣೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಮನೆ ಕಟ್ಟುವ ಕೆಲಸಕ್ಕೂ ಒಂದು ಋತುಮಾನವಿದೆ. ನವರಾತ್ರಿ ಕಳೆದು ಮಳೆ ಹಿಂದೆ ಸರಿದ ಮೇಲೆ ಪಂಚಾಂಗದ ಕೆಲಸ ಆರಂಭವಾಗುತ್ತದೆ. ಅಡಿಕೆ ಮಾರಿದ ಹಣ ಕೈಸೇರಿದಂತೆ ಗೋಡೆ ಏಳುತ್ತದೆ. ಪತ್ತನಾಜೆಯೊಳಗೆ ತಾರಸಿ ಮುಗಿಯಬೇಕೆಂಬುದು ಮನೆಯವರ ಲೆಕ್ಕಾಚಾರ. ಈ ಲೆಕ್ಕ ತಪ್ಪಿದರೆ ಕೆಂಪುಕಲ್ಲಿನ ಗೋಡೆ ಆಟಿ ತಿಂಗಳ ಮಳೆಗೆ ಪಾಚಿಗಟ್ಟುತ್ತದೆ, ಹೊರಚಾಚಿದ ಸರಳುಗಳು ತುಕ್ಕು ಹಿಡಿಯುತ್ತವೆ, ಮನೆಯವರು ಇನ್ನೊಂದು ವರ್ಷ ಬಾಡಿಗೆ ತೆರುತ್ತಾರೆ. ಮುಂಗಡ ಪಡೆದ ಗುತ್ತಿಗೆದಾರ ಮತ್ತು ಮುಂಗಡ ಕೊಟ್ಟ ಮಾಲಕ ಪರಸ್ಪರ ಮುಖ ನೋಡದ ಸ್ಥಿತಿಗೆ ಬಂದಾಗ ವಿವಾದವು ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಬಾಗಿಲು ತಟ್ಟುತ್ತದೆ.

ಆಯೋಗದ ನೋಟೀಸು ಬಂದಾಗ ಅದನ್ನು ಅವಮಾನವೆಂದು ಬಗೆದು ಮೇಜಿನ ಖಾನೆಯಲ್ಲಿ ಬಚ್ಚಿಡುವ ವರ್ತಕರಿದ್ದಾರೆ. ಗ್ರಾಹಕ ಕಾನೂನು ವ್ಯಾಪಾರಿಯ ವಿರುದ್ಧವೇ ಹುಟ್ಟಿದ್ದು, ಅಲ್ಲಿ ಹೋದರೆ ಸೋಲು ಖಚಿತ ಎಂಬ ಭಾವನೆಯೂ ವ್ಯಾಪಕವಾಗಿದೆ. ಈ ಭಾವನೆ ಸರಿಯಲ್ಲ. ಪ್ರಾಮಾಣಿಕ ವರ್ತಕನು ಇಂತಹ ಪ್ರಕರಣಗಳಲ್ಲಿ ಸೋಲುವುದು ಅನೇಕ ಸಲ ಕಾನೂನಿನ ಪಕ್ಷಪಾತದಿಂದಲ್ಲ. ದಾಖಲೆಯ ಕೊರತೆಯಿಂದ ಮತ್ತು ಸಕಾಲದಲ್ಲಿ ಉತ್ತರಿಸದಿರುವುದರಿಂದ.

ಮೊದಲು ಕಾನೂನಿನ ಸ್ವರೂಪವನ್ನು ಅರಿಯುವುದು ಅವಶ್ಯಕ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ 1993ರಲ್ಲಿ ಆದ ತಿದ್ದುಪಡಿಯು ಗೃಹ ನಿರ್ಮಾಣವನ್ನು ‘ಸೇವೆ’ಯ ವ್ಯಾಖ್ಯೆಯೊಳಗೆ ಸೇರಿಸಿತು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮನೆ ಕಟ್ಟಿಕೊಡುವಲ್ಲಿನ ವಿಳಂಬ ಮತ್ತು ಕಳಪೆ ಕೆಲಸ ಸೇವಾ ನ್ಯೂನತೆಯೆಂದು ಸ್ಪಷ್ಟಪಡಿಸಿತು. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಹೊಸ ಕಾಯ್ದೆಯಲ್ಲಿಯೂ ಈ ತತ್ತ್ವ ಮುಂದುವರಿದಿದೆ. ಆದುದರಿಂದ ಬಹುಮಹಡಿ ವಸತಿ ಸಮುಚ್ಚಯದ ನಿರ್ಮಾಪಕ ಮಾತ್ರವಲ್ಲ, ಮಾಲಕನ ಸ್ವಂತ ಜಾಗದಲ್ಲಿ ಚದರಡಿ ದರಕ್ಕೆ ಮನೆ ಕಟ್ಟಿಕೊಡುವ ಮೇಸ್ತ್ರಿಯೂ, ಬಾಗಿಲು ಕಿಟಕಿ ಒದಗಿಸಿ ಜೋಡಿಸಿಕೊಡುವ ಸಣ್ಣ ಉದ್ದಿಮೆದಾರನೂ ಇದರ ವ್ಯಾಪ್ತಿಗೆ ಒಳಪಡುತ್ತಾರೆ.

ಇಲ್ಲಿ ರೇರಾ ಕಾಯ್ದೆಯ ಬಗೆಗೂ ಒಂದು ತಪ್ಪು ತಿಳಿವಳಿಕೆಯಿದೆ. 500 ಚದರ ಮೀಟರಿಗೆ ಮೀರದ ಜಾಗ ಅಥವಾ ಎಂಟಕ್ಕೆ ಮೀರದ ವಸತಿ ಘಟಕಗಳ ಯೋಜನೆಗೆ 2016ರ ಆ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲ. ಸಣ್ಣ ಪಟ್ಟಣಗಳ ಹಲವು ಕಟ್ಟಡಗಳು ಈ ವಿನಾಯಿತಿಯೊಳಗೆ ಬರುತ್ತವೆ. ಆದರೆ ರೇರಾ ನೋಂದಣಿಯಿಂದ ವಿನಾಯಿತಿ ದೊರೆತರೆ ಗ್ರಾಹಕ ಕಾಯ್ದೆಯಿಂದಲೂ ವಿನಾಯಿತಿ ದೊರೆತಂತಲ್ಲ. ನೋಂದಣಿಯಾದ ಯೋಜನೆಗಳಲ್ಲಿ ಸಹ ಖರೀದಿದಾರನಿಗೆ ಎರಡೂ ದಾರಿಗಳು ತೆರೆದಿವೆಯೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸಬಹುದು. 28 ಲಕ್ಷ ರೂಪಾಯಿಗೆ ಒಪ್ಪಿದ ಮನೆಗೆ ಮಾಲಕನು 18 ಲಕ್ಷ ಪಾವತಿಸಿದ್ದಾನೆ; ಅಳತೆ ಮಾಡಿದರೆ ಆಗಿರುವ ಕೆಲಸ 15 ಲಕ್ಷದ್ದು. ಕೆಲಸ ನಿಂತಿದೆ. ಉಳಿದ 13 ಲಕ್ಷದ ಕೆಲಸಕ್ಕೆ ಬೇರೊಬ್ಬ ಗುತ್ತಿಗೆದಾರನು 16 ಲಕ್ಷ ಕೇಳುತ್ತಾನೆ. ಮಾಲಕನಿಗೆ ಒಟ್ಟು 34 ಲಕ್ಷ ತಗಲುವುದರಿಂದ ಅವನ ನೇರ ನಷ್ಟ 6 ಲಕ್ಷ. ಇದರ ಮೇಲೆ ಬಡ್ಡಿ, ತೆತ್ತ ಬಾಡಿಗೆ, ಮಾನಸಿಕ ಕ್ಲೇಶದ ಪರಿಹಾರ ಮತ್ತು ವ್ಯಾಜ್ಯದ ಖರ್ಚನ್ನು ಆತ ಕೇಳುತ್ತಾನೆ. ಇದೇ ಪ್ರಕರಣದಲ್ಲಿ ತಾರಸಿಯಾದ ಮೇಲೆ ಮಾಲಕನು ಇನ್ನೊಂದು ಕೋಣೆ ಬೇಕೆಂದಿರಬಹುದು, ಟೈಲ್ಸ್ ಬದಲು ಗ್ರಾನೈಟ್ ಹಾಕಿಸಿರಬಹುದು, ಕಂತನ್ನು ಮೂರು ತಿಂಗಳು ತಡವಾಗಿ ಕೊಟ್ಟಿರಬಹುದು. ಗುತ್ತಿಗೆದಾರನ ಪಕ್ಷದಲ್ಲಿ ನ್ಯಾಯವಿರುವುದು ಈ ಅಂಶಗಳಲ್ಲಿಯೇ. ಆದರೆ ಇವುಗಳಲ್ಲಿ ಒಂದೂ ಕಾಗದದಲ್ಲಿಲ್ಲದಿದ್ದರೆ ಆಯೋಗದ ಮುಂದಿರುವುದು ಬ್ಯಾಂಕ್ ಖಾತೆಯಿಂದ ಹೋದ 18 ಲಕ್ಷ ಮತ್ತು ಅರ್ಧಕ್ಕೆ ನಿಂತ ಮನೆಯ ಛಾಯಾಚಿತ್ರ ಮಾತ್ರ.

ವಿಳಂಬಕ್ಕೆ ಕೊಡುವ ಕಾರಣಗಳಲ್ಲಿಯೂ ವಿವೇಚನೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಮಳೆ ಸುರಿಯುತ್ತದೆಂಬುದು ಕರಾರು ಮಾಡುವಾಗಲೇ ತಿಳಿದ ವಿಷಯ. ಅದನ್ನು ಅನಿರೀಕ್ಷಿತ ವಿಪತ್ತೆಂದು ವಾದಿಸುವುದು ಕಷ್ಟ. 2025ರಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಮತ್ತು ಮರಳಿನ ಅಭಾವದಿಂದ ಕಾಮಗಾರಿಗಳು ನಿಂತದ್ದು ಬೇರೆ ಮಾತು. ಅದು ಗುತ್ತಿಗೆದಾರನ ಕೈಮೀರಿದ ಕಾರಣ. ಆದರೂ ‘ಇಂತಹ ದಿನದಿಂದ ಸಾಮಗ್ರಿ ದೊರೆಯುತ್ತಿಲ್ಲ, ಆದುದರಿಂದ ವಾಯಿದೆಯನ್ನು ಇಷ್ಟು ದಿನ ಮುಂದೂಡಬೇಕಾಗಿದೆ’ ಎಂದು ಅಂದೇ ಮಾಲಕನಿಗೆ ಬರೆದು ತಿಳಿಸಿದವನ ಮಾತಿಗೂ, ವ್ಯಾಜ್ಯ ಬಂದ ಮೇಲೆ ಮೊದಲ ಬಾರಿಗೆ ಅದನ್ನು ಹೇಳುವವನ ಮಾತಿಗೂ ಒಂದೇ ತೂಕವಿರದು.

ಕೆಲಸ ಅರ್ಧಕ್ಕೆ ನಿಲ್ಲಲು ಇನ್ನೊಂದು ಕಾರಣವನ್ನು ವ್ಯಾಪಾರಿ ವಲಯ ಬಹಿರಂಗವಾಗಿ ಒಪ್ಪಿಕೊಳ್ಳುವುದಿಲ್ಲ. ಒಬ್ಬರು ಕೊಟ್ಟ ಮುಂಗಡದಿಂದ ಇನ್ನೊಬ್ಬರ ತಾರಸಿಗೆ ಸಿಮೆಂಟು ಕೊಳ್ಳುವುದು, ಮೂರನೆಯವರ ಮುಂಗಡ ಬಂದಾಗ ಮೊದಲನೆಯವರ ಕೆಲಸಕ್ಕೆ ಕೈಹಾಕುವುದು ರೂಢಿಯಾಗಿಬಿಟ್ಟಿದೆ. ಮುಂಗಡವು ಆದಾಯವಲ್ಲ, ಕೆಲಸ ಮಾಡಿಕೊಡುವವರೆಗೆ ಅದು ಸಾಲವೇ. ರೇರಾ ಕಾಯ್ದೆಯು ಖರೀದಿದಾರರಿಂದ ಬಂದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂದು ವಿಧಿಸಿರುವುದು ಈ ರೋಗಕ್ಕೆ ಮದ್ದಾಗಿ. ಆ ನಿಯಮ ಅನ್ವಯಿಸದ ಸಣ್ಣ ಗುತ್ತಿಗೆದಾರನೂ ಕೆಲಸಕ್ಕೊಂದು ಲೆಕ್ಕಪುಟವನ್ನು, ಸಾಧ್ಯವಾದರೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ಇಟ್ಟುಕೊಂಡರೆ ಅವನಿಗೇ ಒಳಿತು. ಜಿ.ಎಸ್.ಟಿ. ನೋಂದಣಿಯುಳ್ಳವರು ಸೇವೆಯ ಮುಂಗಡದ ಮೇಲೆಯೂ ತೆರಿಗೆ ಕಟ್ಟಬೇಕಾಗುತ್ತದೆ. ಬಿಲ್ಲು ಮಾಡಿದ ಮೊತ್ತವನ್ನು ಅನಂತರ ಇಳಿಸಬೇಕಾದರೆ, ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ ಅಥವಾ ವಾರ್ಷಿಕ ವಿವರಣೆ ಸಲ್ಲಿಸುವ ದಿನದೊಳಗೆ, ಯಾವುದು ಮೊದಲೋ ಅಷ್ಟರಲ್ಲಿ, ಕ್ರೆಡಿಟ್ ನೋಟ್ ತೋರಿಸಬೇಕು. ವ್ಯಾಜ್ಯವು ಈ ಅವಧಿಯನ್ನು ದಾಟಿದರೆ ಹಣವನ್ನೂ ಮರಳಿಸಿ, ಕಟ್ಟಿದ ತೆರಿಗೆಯನ್ನೂ ಕಳೆದುಕೊಳ್ಳುವ ಪರಿಸ್ಥಿತಿ ಬರುತ್ತದೆ.

ಇನ್ನು ವಾಹನ ನಿಲುಗಡೆಯ ವಿಷಯ. ಮೊತ್ತ ಹತ್ತು ಇಪ್ಪತ್ತು ರೂಪಾಯಿಯದಾದರೂ ಇದು ತರುವ ಕಹಿ ದೊಡ್ಡದು. ಪೇಟೆಯ ರಸ್ತೆಗಳು ಇಕ್ಕಟ್ಟಾಗಿವೆ, ವಾಹನಗಳು ಹೆಚ್ಚಿವೆ. ಜಾತ್ರೆಯ ದಿನಗಳಲ್ಲಿ, ಯಾತ್ರಾಸ್ಥಳಗಳ ಪರಿಸರದಲ್ಲಿ ಖಾಸಗಿ ಜಾಗದ ಮಾಲಕರು ಶುಲ್ಕ ಪಡೆದು ವಾಹನ ನಿಲ್ಲಿಸಲು ಅವಕಾಶ ಕೊಡುವುದು ಸಹಜ. ಸ್ವಂತ ಜಾಗಕ್ಕೆ ಶುಲ್ಕ ಕೇಳುವುದೇ ತಪ್ಪೆಂದು ಯಾರೂ ಹೇಳಲಾರರು. ಆದರೆ ಕಟ್ಟಡದ ನಕ್ಷೆಯಲ್ಲಿ ಗಿರಾಕಿಗಳ ನಿಲುಗಡೆಗೆಂದು ತೋರಿಸಿ ಪರವಾನಿಗೆ ಪಡೆದ ಜಾಗಕ್ಕೆ ಶುಲ್ಕ ವಿಧಿಸುವುದು ಬೇರೆ ಪ್ರಶ್ನೆ. ಮಾಲ್‌ಗಳು ಹೀಗೆ ಶುಲ್ಕ ವಸೂಲು ಮಾಡುವಂತಿಲ್ಲವೆಂದು 2019ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಎಲ್ಲ ರಾಜ್ಯಗಳ ನಿಯಮ ಒಂದೇ ಅಲ್ಲವಾದರೂ ಕಟ್ಟಡದ ಮಾಲಕರು ತಮ್ಮ ಪರವಾನಿಗೆಯ ಷರತ್ತನ್ನು ಓದಿ ನೋಡದೆ ಸರಪಳಿ ಕಟ್ಟಿ ಚೀಟಿ ಹರಿಯುವುದು ಜಾಣತನವಲ್ಲ. ವಸತಿ ಸಮುಚ್ಚಯಗಳಲ್ಲಿಯೂ ತೆರೆದ ನಿಲುಗಡೆ ಜಾಗವು ರೇರಾ ಕಾಯ್ದೆಯ ಪ್ರಕಾರ ಸಾಮಾನ್ಯ ಪ್ರದೇಶಕ್ಕೆ ಸೇರಿದ್ದು. ಅದನ್ನು ಪ್ರತ್ಯೇಕ ಬೆಲೆಗೆ ಮಾರುವುದು ವ್ಯಾಜ್ಯಕ್ಕೆ ಆಹ್ವಾನವಿತ್ತಂತೆ.

ಶುಲ್ಕ ಪಡೆದು ರಶೀದಿ ಕೊಡದಿರುವುದನ್ನು 2019ರ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ‘ವಾಹನದ ಹೊಣೆ ಮಾಲಕರದ್ದೇ’ ಎಂಬ ಫಲಕವೂ ಎಲ್ಲ ಸಂದರ್ಭಗಳಲ್ಲಿ ರಕ್ಷಿಸದು. 1998ರಲ್ಲಿ ದೆಹಲಿಯ ತಾರಾ ಹೋಟೆಲೊಂದರ ಸಿಬ್ಬಂದಿಯ ವಶಕ್ಕೆ ಕೀಲಿಕೈಯೊಂದಿಗೆ ಒಪ್ಪಿಸಿದ ಕಾರು ಕಳುವಾದ ಪ್ರಕರಣದಲ್ಲಿ, ಚೀಟಿಯ ಮೇಲೆ ಹೊಣೆಯಿಲ್ಲವೆಂದು ಅಚ್ಚಾಗಿದ್ದರೂ ಹೋಟೆಲು ತನ್ನ ನಿರ್ಲಕ್ಷ್ಯದ ಹೊಣೆಯಿಂದ ಜಾರಿಕೊಳ್ಳಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಮಾನಿಸಿತು. ಹೊಸ ಕಾಯ್ದೆಯಡಿ ಗ್ರಾಹಕನು ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ಸುಬ್ರಹ್ಮಣ್ಯಕ್ಕೆ ಬಂದ ಹುಬ್ಬಳ್ಳಿಯ ಯಾತ್ರಿಕನೊಬ್ಬ ಇಪ್ಪತ್ತು ರೂಪಾಯಿಗಾಗಿ ಹಟ ಹಿಡಿದರೆ ಕಡಬದ ಜಾಗದ ಮಾಲಕ ಧಾರವಾಡ ಜಿಲ್ಲೆಯ ಆಯೋಗಕ್ಕೆ ಉತ್ತರಿಸಬೇಕಾದೀತು. ದರಫಲಕ, ಮುದ್ರಿತ ರಶೀದಿ ಮತ್ತು ಖರೀದಿ ಮಾಡಿದ ಗಿರಾಕಿಗೆ ರಿಯಾಯಿತಿ, ಈ ಮೂರಕ್ಕೆ ತಗಲುವ ವೆಚ್ಚ ಅತ್ಯಲ್ಪ.

ದೂರು ಬಂದೇ ಬಿಟ್ಟರೆ ಮಾಡಬೇಕಾದುದೇನು? ನೋಟೀಸು ಕೈಸೇರಿದ ದಿನವನ್ನು ಮೊದಲು ಬರೆದಿಡಬೇಕು. ಉತ್ತರ ಸಲ್ಲಿಸಲು 30 ದಿನ. ಆಯೋಗ ಒಪ್ಪಿದರೆ ಮತ್ತೆ 15 ದಿನ. ಅದರಾಚೆಗೆ ಒಂದು ದಿನವೂ ಕೊಡಲಾಗದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪಿತ್ತಿದೆ. ಗ್ರಾಹಕನಿಗಾದರೋ ದೂರು ನೀಡಲು ವ್ಯಾಜ್ಯ ಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳ ಅವಧಿಯಿದೆ. ಪಾವತಿಸಿದ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ತೀರ್ಪು ಪ್ರತಿಕೂಲವಾದರೆ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಆದೇಶಿತ ಮೊತ್ತದ ಅರ್ಧವನ್ನು ಮೊದಲೇ ಠೇವಣಿಯಿಡಬೇಕು. ಆದೇಶವನ್ನು ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇಷ್ಟೆಲ್ಲ ದೂರ ಹೋಗುವ ಮೊದಲು ಸಂಧಾನದ ಮಾರ್ಗವೊಂದಿದೆ. ಉಭಯ ಪಕ್ಷಗಳು ಒಪ್ಪಿದರೆ ಆಯೋಗವೇ ವ್ಯಾಜ್ಯವನ್ನು ಮಧ್ಯಸ್ಥಿಕೆಗೆ ಕಳುಹಿಸಲು ಹೊಸ ಕಾಯ್ದೆ ಅವಕಾಶ ಕಲ್ಪಿಸಿದೆ. ಮೇಲೆ ಹೇಳಿದ ಉದಾಹರಣೆಯಲ್ಲಿ ಇಬ್ಬರೂ ಒಪ್ಪುವ ಎಂಜಿನಿಯರ್ ಒಬ್ಬರು ಒಂದು ದಿನ ಅಳತೆ ಹಿಡಿದರೆ ಮುಕ್ಕಾಲು ಜಗಳ ಮುಗಿಯುತ್ತದೆ. ಹೆಚ್ಚಾಗಿ ಪಡೆದ ಹಣವನ್ನು ಕಂತಿನಲ್ಲಿ ಮರಳಿಸುವುದೋ, ನಿಗದಿತ ದಿನದೊಳಗೆ ಕೆಲಸ ಮುಗಿಸಿಕೊಡುವುದೋ ಆಗಬೇಕು. ಒಪ್ಪಂದ ಮಾತ್ರ ಬರಹದಲ್ಲಿರಬೇಕು.

ಈ ದಿಸೆಯಲ್ಲಿ ವಾಣಿಜ್ಯ ಸಂಘಗಳ ಪಾತ್ರ ಮಹತ್ತರವಾದುದು. ಕೆಲಸದ ಹಂತ, ಕಂತು, ಬದಲಾವಣೆಯ ದರ, ಮುಕ್ತಾಯದ ದಿನ ಇವಿಷ್ಟನ್ನು ಒಳಗೊಂಡ ಎರಡು ಪುಟಗಳ ಸರಳ ಕನ್ನಡ ಕರಾರಿನ ಮಾದರಿಯನ್ನು ಸಂಘವು ಸಿದ್ಧಪಡಿಸಿ ಸದಸ್ಯರಿಗೆ ಹಂಚಬಹುದು. ಒಬ್ಬ ಎಂಜಿನಿಯರ್, ಒಬ್ಬ ವಕೀಲ, ಒಬ್ಬ ಲೆಕ್ಕ ಪರಿಶೋಧಕ ಮತ್ತು ವರ್ತಕರಲ್ಲದ ಒಬ್ಬ ಹಿರಿಯ ನಾಗರಿಕರಿರುವ ಸಂಧಾನ ಸಮಿತಿಯೊಂದನ್ನು ರಚಿಸಿ ತಿಂಗಳಿಗೊಮ್ಮೆ ಕುಳಿತುಕೊಳ್ಳಬಹುದು. ಸಮಿತಿಯ ಮಾತಿಗೆ ಕಾನೂನಿನ ಬಲವಿಲ್ಲದಿದ್ದರೂ ಊರಿನ ಬಲವಿರುತ್ತದೆ. ಆದರೆ ಅದು ಸದಸ್ಯನ ತಪ್ಪನ್ನು ಮುಚ್ಚಿಡುವ ಸಮಿತಿಯಾಗಬಾರದು. ಹಾಗಾದ ದಿನ ಜನರು ಅದರ ಬಳಿ ಬರುವುದಿಲ್ಲ, ನೇರವಾಗಿ ಮಂಗಳೂರಿಗೆ ಹೋಗುತ್ತಾರೆ.

ಮೂರು ತಾಲೂಕುಗಳ ಪೇಟೆಗಳಲ್ಲಿ ಇಂದಿಗೂ ಲಕ್ಷಾಂತರ ರೂಪಾಯಿಯ ವ್ಯವಹಾರ ಬಾಯಿಮಾತಿನ ಮೇಲೆ ನಡೆಯುತ್ತದೆ. ಆ ನಂಬಿಕೆ ಹಿರಿಯ ವರ್ತಕರು ಗಳಿಸಿಟ್ಟ ಆಸ್ತಿ. ಕರಾರು ಬರೆಸಿದರೆ ನಂಬಿಕೆ ಕಡಿಮೆಯಾದಂತೆ ಎಂದು ಭಾವಿಸುವವರು, ಅರ್ಧಕ್ಕೆ ನಿಂತ ಒಂದು ಮನೆಯ ಮುಂದೆ ದಿನವೂ ಹಾದುಹೋಗುವ ಜನರು ಏನು ಮಾತನಾಡಿಕೊಳ್ಳುತ್ತಾರೆಂಬುದನ್ನು ಒಮ್ಮೆ ಕಿವಿಗೊಟ್ಟು ಕೇಳಲಿ.