ಬಟ್ಟೆಗಿಳಿದ ನೌಕೆಯ ಪರದೆ
1987ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಧಾರಾವಾಹಿಯ ಬಾಹ್ಯಾಕಾಶ ನೌಕೆಯ ಕಂಪ್ಯೂಟರ್ ಪರದೆಗಳನ್ನು ನೋಡಿದವರು ಮರೆಯಲಾರರು: ಕಪ್ಪು ಹಿನ್ನೆಲೆ, ಕಿತ್ತಳೆ, ತಿಳಿನೇರಳೆ ಪಟ್ಟಿಗಳು, ಮೊಣಕೈಯಂತೆ ಬಾಗಿದ ಮೂಲೆಗಳು. ಮೈಕೆಲ್ ಒಕುಡಾ ರೂಪಿಸಿದ ಇವುಗಳಲ್ಲಿ ಹೆಚ್ಚಿನವು ನಿಜವಾದ ಪರದೆಗಳೇ ಅಲ್ಲ. ಪಾರದರ್ಶಕ ಹಾಳೆಯ ಮೇಲೆ ಮೂಡಿಸಿ ಹಿಂದಿನಿಂದ ದೀಪ ಹಚ್ಚಿದ ಚಿತ್ರಗಳು. ಬಟ್ಟೆಯ ಮುದ್ರಣಕ್ಕೆ ಇವು ಇಷ್ಟು ಚೆನ್ನಾಗಿ ಒಗ್ಗುವುದು ಅದಕ್ಕೇ ಎಂದು ನನ್ನ ನಂಬಿಕೆ. ಆದರೆ ಬಟ್ಟೆಗೆ ಆ ದೀಪವಿಲ್ಲ. ಹೊಳೆಯುತ್ತಿದ್ದ ಕಿತ್ತಳೆ ಹತ್ತಿಯ ಮೇಲೆ ಮಂಕಾಗುತ್ತದೆ, ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ವಿನ್ಯಾಸದಲ್ಲಿ ಬಣ್ಣವನ್ನು ಕಣ್ಣಿಗೆ ಹೊಡೆಯುವಷ್ಟು ಕಡುವಾಗಿಯೇ ಇಡಬೇಕು. ಇನ್ನೊಂದು ಪೇಚು ಜೋಡಣೆಯದು: ಒಂದೇ ಚೌಕದ ವಿನ್ಯಾಸ ಬಟ್ಟೆಯುದ್ದಕ್ಕೂ ಮರುಕಳಿಸುತ್ತದೆ. ವಿನ್ಯಾಸದ ಬಲ ಅಂಚಿನಲ್ಲಿ ತುಂಡಾದ ಪಟ್ಟಿ ಎಡ ಅಂಚಿನಲ್ಲಿ ಅದೇ ಎತ್ತರದಿಂದ ಮುಂದುವರಿಯದಿದ್ದರೆ, ಹೊಲಿದ ಅಂಗಿಯ ಮೇಲೆ ಆ ಬಿರುಕೇ ಎದ್ದು ಕಾಣುತ್ತದೆ. ಇಂಚಿಗೆ 150 ಪಿಕ್ಸೆಲ್‌ನಂತೆ ಅಂಥ 8 ಇಂಚಿನ ಚೌಕಕ್ಕೆ ಪ್ರತಿ ಬದಿಗೆ 1200 ಪಿಕ್ಸೆಲ್ ಸಾಕು. ಧಾರಾವಾಹಿಯ ಪರದೆಗಳ ಮೇಲಿನ ಅಕ್ಷರಗಳನ್ನು ಮಾತ್ರ ನಕಲು ಮಾಡಬೇಡಿ, ನಿಮ್ಮವನ್ನೇ ಬರೆಯಿರಿ; ಕನ್ನಡ ಅಂಕಿಗಳ ದುಂಡು ಆ ಬಾಗಿದ ಮೂಲೆಗಳಿಗೆ ಸೊಗಸಾಗಿ ಒಪ್ಪುತ್ತದೆ. ಮೀಟರುಗಟ್ಟಲೆ ಮುದ್ರಿಸುವ ಮೊದಲು ಗೇಣಗಲದ ಒಂದು ತುಂಡು ಮುದ್ರಿಸಿ, ಒಗೆದು, ಒಣಹಾಕಿ ನೋಡಿ.