ಎಲ್ಲಿ ನಿಲ್ಲಿಸಬೇಕು ಎಂಬುದೇ ಉಪ್ಪಿನ ಗುಟ್ಟು



ಈ ವಾರ ನನ್ನ ಮುಂದಿರುವುದು ಒಂದು ಮನೆಯ ಜಗಳ. ಆರನೇ ತರಗತಿಯ ಹುಡುಗನೊಬ್ಬ ಹೀಗೆ ಬರೆದಿದ್ದಾನೆ: "ಗೋಕರ್ಣಕ್ಕೆ ಹೋದಾಗ ಒಂದು ಬಾಟಲಿ ಸಮುದ್ರದ ನೀರು ತಂದೆ. ಕಾಯಿಸಿದರೆ ಉಪ್ಪು ಸಿಗುತ್ತದೆ ಅಂತ ಅಜ್ಜಿ ಹೇಳಿದರು. ಪೂರ್ತಿ ಇಂಗುವವರೆಗೂ ಕಾಯಿಸಿದೆವು. ಸಿಕ್ಕಿದ್ದು ಮಾಸಲು ಬಣ್ಣದ ಪುಡಿ. ನಾಲಿಗೆಗೆ ಇಟ್ಟರೆ ಕಹಿ. ಮರುದಿನ ನೋಡಿದರೆ ಒದ್ದೆ. ಅಂಗಡಿಯ ಉಪ್ಪು ಸಮುದ್ರದ್ದಲ್ಲ ಅಂತ ನಾನು, ಸಮುದ್ರದ್ದೇ ಅಂತ ಅಜ್ಜಿ. ಯಾರು ಸರಿ?"

ಅಜ್ಜಿಯೇ ಸರಿ. ಆದರೆ ಮೊಮ್ಮಗ ಕಂಡದ್ದೂ ಸುಳ್ಳಲ್ಲ. ಇಬ್ಬರ ನಡುವೆ ಒಂದು ಗುಟ್ಟು ಅಡಗಿದೆ. ಅದನ್ನು ಬಿಡಿಸಿದರೆ ಉಪ್ಪಿನ ಆಗರವೂ ಅರ್ಥವಾಗುತ್ತದೆ, ಸಕ್ಕರೆ ಕಾರ್ಖಾನೆಯೂ ಅರ್ಥವಾಗುತ್ತದೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅದರಲ್ಲಿ ನಾವು ಅಡುಗೆಗೆ ಬಳಸುವ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಸುಮಾರು 27 ಗ್ರಾಂ. ಉಳಿದದ್ದು ಸುಣ್ಣದ ಅಂಶ, ಜಿಪ್ಸಂ, ಮೆಗ್ನೀಷಿಯಂ ಲವಣಗಳು, ಸ್ವಲ್ಪ ಪೊಟ್ಯಾಸಿಯಂ. ನೀರನ್ನು ಪೂರ್ತಿ ಇಂಗಿಸಿದರೆ ಇವೆಲ್ಲ ಒಟ್ಟಿಗೇ ತಳದಲ್ಲಿ ಉಳಿಯುತ್ತವೆ. ಕಹಿ ಬಂದದ್ದು ಮೆಗ್ನೀಷಿಯಂನಿಂದ. ಮರುದಿನ ಒದ್ದೆಯಾಗಿದ್ದೂ ಅದರಿಂದಲೇ, ಏಕೆಂದರೆ ಮೆಗ್ನೀಷಿಯಂ ಕ್ಲೋರೈಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ಬೆವರುವುದನ್ನು ಅಜ್ಜಿಯರು ನೋಡಿಯೇ ಇರುತ್ತಾರೆ. ಅದಕ್ಕೂ ಮುಖ್ಯ ಕಾರಣ ಇದೇ.

ಹಾಗಾದರೆ ಉಪ್ಪು ತೆಗೆಯುವವರು ಇವನ್ನು ಬೇರ್ಪಡಿಸುವುದು ಹೇಗೆ? ಜರಡಿ ಇಲ್ಲ, ಸೋಸುವ ಬಟ್ಟೆ ಇಲ್ಲ. ಅವರು ನಂಬಿರುವುದು ಸರದಿಯನ್ನು. ನೀರು ಕಡಿಮೆಯಾಗುತ್ತ ಹೋದಂತೆ ಎಲ್ಲ ಲವಣಗಳೂ ಒಮ್ಮೆಲೇ ಹೊರಬರುವುದಿಲ್ಲ. ಒಂದೊಂದಕ್ಕೂ ಒಂದು ಪಾಳಿ ಇದೆ.

ಹತ್ತು ಲೀಟರ್ ಸಮುದ್ರದ ನೀರು ತೆಗೆದುಕೊಂಡಿದ್ದೇವೆ ಎಂದುಕೊಳ್ಳಿ. ಅದು ಐದು ಲೀಟರಿಗೆ ಇಳಿಯುವ ಹೊತ್ತಿಗೆ ಸುಣ್ಣದ ಅಂಶ ತಳ ಸೇರುತ್ತದೆ. ಸುಮಾರು ಎರಡು ಲೀಟರಿಗೆ ಬಂದಾಗ ಜಿಪ್ಸಂ ಹೊರಬರಲು ಶುರು. ಒಂದು ಲೀಟರಿಗೆ ಇಳಿದಾಗ ನಮ್ಮ ಉಪ್ಪಿನ ಪಾಳಿ. ಆ ಹೊತ್ತಿಗೆ ನೀರಿಗೆ ಇನ್ನಷ್ಟು ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಇದನ್ನೇ ನಿಮ್ಮ ಪಾಠದಲ್ಲಿ ಪರ್ಯಾಪ್ತ ದ್ರಾವಣ ಎನ್ನುವುದು. ಅಲ್ಲಿಂದ ಮುಂದೆ ಆವಿಯಾಗುವ ಪ್ರತಿ ಹನಿಯೂ ಒಂದಿಷ್ಟು ಉಪ್ಪನ್ನು ಹೊರಹಾಕಲೇಬೇಕು. ಮೆಗ್ನೀಷಿಯಂ ಮಾತ್ರ ಹಟಮಾರಿ. ಕೊನೆಯವರೆಗೂ ನೀರು ಬಿಟ್ಟು ಬರುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಗೋಕರ್ಣದ ಹತ್ತಿರವೇ ಸಾಣಿಕಟ್ಟಾ ಎಂಬ ಊರಿದೆ. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಅಲ್ಲಿ ಉಪ್ಪಿನ ಆಗರಗಳಿವೆ. ಇಂಥ ಆಗರಗಳಲ್ಲಿ ಉಬ್ಬರದ ನೀರನ್ನು ಮೊದಲು ದೊಡ್ಡ ಕಟ್ಟೆಗಳಿಗೆ ಬಿಟ್ಟುಕೊಳ್ಳುತ್ತಾರೆ. ಬಿಸಿಲಿಗೆ ಅದು ಸಾಂದ್ರವಾಗುತ್ತದೆ. ಸುಣ್ಣ, ಜಿಪ್ಸಂಗಳ ಬಹುಪಾಲು ಈ ಮೊದಲಿನ ಕಟ್ಟೆಗಳಲ್ಲೇ ಉಳಿಯುತ್ತವೆ. ಆಮೇಲೆ ಗಟ್ಟಿ ನೀರನ್ನು ಸಣ್ಣ, ಆಳವಿಲ್ಲದ ಮಡಿಗಳಿಗೆ ಹರಿಸುತ್ತಾರೆ. ಅಲ್ಲಿ ಹರಳುಗಟ್ಟಿದ ಉಪ್ಪನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಮಡಿ ಪೂರ್ತಿ ಒಣಗಲು ಬಿಡುವುದಿಲ್ಲ. ಉಳಿದ ಕಹಿನೀರನ್ನು ಹೊರಗೆ ಬಿಡುತ್ತಾರೆ. ನಮ್ಮ ಪತ್ರಮಿತ್ರನ ಮನೆಯಲ್ಲಿ ಆಗದೆ ಹೋದ ಕೆಲಸ ಇದೊಂದೇ. ಒಲೆಯನ್ನು ಸ್ವಲ್ಪ ಮೊದಲೇ ಆರಿಸಿ, ಉಳಿದ ನೀರನ್ನು ಬಸಿದಿದ್ದರೆ ಅಜ್ಜಿ ಹೇಳಿದ ಬಿಳಿ ಉಪ್ಪೇ ಹೆಚ್ಚು ಸಿಗುತ್ತಿತ್ತು. (ಒಂದು ಎಚ್ಚರಿಕೆ: ಕಡಲತೀರದ ನೀರು ಎಲ್ಲ ಕಡೆ ಶುದ್ಧವಾಗಿರುವುದಿಲ್ಲ. ಪ್ರಯೋಗ ಮಾಡಿ, ನಾಲಿಗೆಗೆ ಇಡಬೇಡಿ.)

ಆಗರದಲ್ಲಿ ದುಡಿಯುವವರಿಗೆ ಒಂದೇ ಭಯ, ಅಕಾಲದ ಮಳೆ. ವಾರಗಟ್ಟಲೆ ಬಿಸಿಲು ಇಂಗಿಸಿದ್ದನ್ನು ಒಂದು ಗಂಟೆಯ ಮಳೆ ಮತ್ತೆ ನೀರು ಮಾಡಿಬಿಡುತ್ತದೆ. ರೈತನಿಗೆ ಮಳೆ ಬಾರದಿದ್ದರೆ ಚಿಂತೆ, ಇವರಿಗೆ ಬಂದರೆ ಚಿಂತೆ. ಊಟದೆಲೆಯ ಮೂಲೆಯಲ್ಲಿ ಬಡಿಸುವ ಚಿಟಿಕೆ ಉಪ್ಪಿನ ಹಿಂದೆ ಅಷ್ಟು ಆತಂಕ ಇರುತ್ತದೆ.

ಈಗ ಸಕ್ಕರೆಗೆ ಬರೋಣ. ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಹಲವು ವರ್ಷ ಕೆಲಸ ಮಾಡಿದವನು. ಕಬ್ಬಿನ ಹಾಲಿನ ಬಹುಪಾಲು ನೀರೇ. ಅದನ್ನು ಓಡಿಸುವುದೇ ದೊಡ್ಡ ಖರ್ಚು. ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖಕ್ಕಿಂತ, ಕುದಿಯುವ ಆ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು ಏಳು ಪಟ್ಟು ಶಾಖ ಬೇಕು. ಉಪ್ಪಿನವರಿಗೆ ಸೂರ್ಯ ಪುಕ್ಕಟೆ ಉರಿ ಕೊಡುತ್ತಾನೆ. ಸಕ್ಕರೆಯವರು ಆ ಉರಿಯನ್ನು ತಾವೇ ಹೊಂದಿಸಿಕೊಳ್ಳಬೇಕು.

ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಲೂಸಿಯಾನಾದಲ್ಲಿ ಕಬ್ಬಿನ ಹಾಲನ್ನು ಸಾಲಾಗಿ ಇಟ್ಟ ತೆರೆದ ಕೊಪ್ಪರಿಗೆಗಳಲ್ಲಿ ಕಾಯಿಸುತ್ತಿದ್ದರು. ಕುದಿಯುವ ಪಾಕವನ್ನು ಉದ್ದನೆಯ ಸೌಟುಗಳಿಂದ ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಿದ್ದವರು ಗುಲಾಮರು. ಪಾಕ ಸಿಡಿದು ಮೈಕೈ ಸುಡುತ್ತಿತ್ತು. ರಾಶಿ ರಾಶಿ ಸೌದೆ ಉರಿಯುತ್ತಿತ್ತು. ಅದೇ ಲೂಸಿಯಾನಾದ ನ್ಯೂ ಆರ್ಲಿಯನ್ಸ್‌ನಲ್ಲಿ 1806ರಲ್ಲಿ ಹುಟ್ಟಿದವನು ನಾರ್ಬರ್ಟ್ ರಿಲಿಯೊ. ತಾಯಿ ಆಫ್ರಿಕನ್ ಮೂಲದವಳು, ತಂದೆ ಬಿಳಿಯ. ಪ್ಯಾರಿಸ್ಸಿನಲ್ಲಿ ಓದಿದ ಆತ ಒಂದು ಸರಳ ಪ್ರಶ್ನೆ ಹಿಡಿದ. ಒಂದು ಪಾತ್ರೆಯಿಂದ ಎದ್ದ ಹಬೆಯಲ್ಲಿ ಅಷ್ಟೊಂದು ಶಾಖ ಇದೆಯಲ್ಲ, ಅದನ್ನು ಗಾಳಿಗೆ ಬಿಡುವುದೇಕೆ?

ಅವನು ಪಾತ್ರೆಗಳನ್ನು ಮುಚ್ಚಿದ. ಮೊದಲ ಪಾತ್ರೆಯ ಹಬೆಯನ್ನು ಎರಡನೆಯದನ್ನು ಕಾಯಿಸಲು ಕಳಿಸಿದ, ಎರಡನೆಯದರ ಹಬೆಯನ್ನು ಮೂರನೆಯದಕ್ಕೆ. ಮುಂದಿನ ಪಾತ್ರೆಗಳಲ್ಲಿ ಗಾಳಿಯ ಒತ್ತಡ ಕಡಿಮೆ ಇರುವಂತೆ ನೋಡಿಕೊಂಡ. ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಎತ್ತರದ ಬೆಟ್ಟದ ಮೇಲೆ ಬೇಳೆ ಬೇಯುವುದು ತಡವಾಗುವುದು ಇದೇ ಕಾರಣಕ್ಕೆ. ಒಂದೇ ಉರಿ, ಹಲವು ಕುದಿ. ಸೌದೆ ಉಳಿಯಿತು, ಸಕ್ಕರೆ ಸೀಯುವುದು ತಪ್ಪಿತು, ಕುದಿಯುವ ಪಾಕವನ್ನು ಕೈಯಲ್ಲಿ ಸುರಿಯುವ ಅಪಾಯದ ಕೆಲಸ ಬೇಡವಾಯಿತು. 1843 ಮತ್ತು 1846ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಗುಲಾಮಗಿರಿಯನ್ನು ಈ ಯಂತ್ರ ಕೊನೆಗಾಣಿಸಲಿಲ್ಲ, ಅದಕ್ಕೆ ಬೇರೆಯೇ ಹೋರಾಟ ಬೇಕಾಯಿತು. ಆದರೆ ಇಂದಿಗೂ ಸಕ್ಕರೆ ಕಾರ್ಖಾನೆಗಳಲ್ಲಿ, ಹಾಲಿನ ಪುಡಿ ಮಾಡುವಲ್ಲಿ, ಕಾಗದದ ಕಾರ್ಖಾನೆಗಳಲ್ಲಿ ನೀರನ್ನು ಓಡಿಸುವುದು ಅವನ ಉಪಾಯದಿಂದಲೇ.

ನೀರು ಓಡಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಪಾಕ ಹರಳಾಗಬೇಕು. ನಮ್ಮ ಕಾರ್ಖಾನೆಯಲ್ಲಿ ಪಾಕ ನೋಡುವ ಹಿರಿಯರೊಬ್ಬರಿದ್ದರು. ದೊಡ್ಡ ಪಾತ್ರೆಯಿಂದ ಒಂದು ಹನಿ ತೆಗೆದು ಗಾಜಿನ ಚೂರಿನ ಮೇಲೆ ಹರಡಿ ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಎಳೆ ಎಳೆದು ನೋಡಿ, "ಈಗ ಬೀಜ ಹಾಕಿ" ಎನ್ನುತ್ತಿದ್ದರು. ಬೀಜ ಎಂದರೆ ನುಣ್ಣಗೆ ಅರೆದ ಸಕ್ಕರೆ. ಪ್ರತಿ ಕಣದ ಸುತ್ತ ಒಂದೊಂದು ಹರಳು ಬೆಳೆಯುತ್ತದೆ. ಅವಸರ ಮಾಡಿದರೆ ಎಲ್ಲೆಂದರಲ್ಲಿ ಹೊಸ ಕಣ ಹುಟ್ಟಿ ಹಿಟ್ಟಿನಂತಾಗುತ್ತದೆ. ಅವರು ಬೆರಳಲ್ಲಿ ನೋಡುತ್ತಿದ್ದುದು ಬೇರೇನಲ್ಲ, ಹಬ್ಬದ ದಿನ ನಿಮ್ಮ ಅಜ್ಜಿ ಒಲೆಯ ಮುಂದೆ ನೋಡುವ ಎಳೆ ಪಾಕವೇ. ಅಜ್ಜಿಯರೇ, ಯಾರಾದರೂ ಕೆಮಿಕಲ್ ಎಂಜಿನಿಯರಿಂಗ್ ಎಂದರೆ ಬೆದರಬೇಡಿ. ಅದರ ಒಂದು ಪಾಠ ನಿಮ್ಮ ಬೆರಳ ತುದಿಯಲ್ಲಿದೆ.

ಹರಳಿನ ಗುಣವೇ ವಿಶೇಷ. ಬೆಳೆಯುವಾಗ ಅದು ತನ್ನ ಜಾತಿಯ ಕಣಗಳನ್ನೇ ಸಾಲಾಗಿ ಜೋಡಿಸಿಕೊಳ್ಳುತ್ತದೆ, ಬೇರೆಯದನ್ನು ಬಹಳ ಮಟ್ಟಿಗೆ ಹೊರಗಿಡುತ್ತದೆ. ಹಾಗಾಗಿ ಕಂದು ಪಾಕದಿಂದ ಬಿಳಿ ಸಕ್ಕರೆ ಬರುತ್ತದೆ. ಉಳಿದ ಕಪ್ಪು ರಸ ಕಾಕಂಬಿ. ಆಗರದ ಕಹಿನೀರಿಗೆ ಅದು ಅಣ್ಣ ಎನ್ನಿ. ಆಲೆಮನೆಯಲ್ಲಿ ಮಾತ್ರ ಹಾಗೆ ಬೇರ್ಪಡಿಸುವುದಿಲ್ಲ, ಎಲ್ಲವನ್ನೂ ಸೇರಿಸಿಯೇ ಗಟ್ಟಿ ಮಾಡುತ್ತಾರೆ. ಅದಕ್ಕೇ ಬೆಲ್ಲಕ್ಕೆ ಆ ಬಣ್ಣ, ಆ ಘಮ.

ಇನ್ನೊಂದು ವಿಷಯ. 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ನೀರು ಕುದಿಯುವಷ್ಟು ಬಿಸಿಯಾದರೂ ಅದು 39 ದಾಟುವುದು ಕಷ್ಟ. ಸಕ್ಕರೆ ಹಾಗಲ್ಲ. ತಣ್ಣೀರಿನಲ್ಲೇ ಸುಮಾರು 200 ಗ್ರಾಂ, ಕುದಿಯುವ ನೀರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಬಿಸಿ ಪಾಕವನ್ನು ತಣಿಸಿದರೇ ಸಕ್ಕರೆ ಹರಳಾಗುತ್ತದೆ. ಉಪ್ಪನ್ನು ತಣಿಸಿ ಹೆಚ್ಚು ಲಾಭವಿಲ್ಲ, ನೀರನ್ನು ಓಡಿಸಲೇಬೇಕು. ಯಾವ ವಸ್ತುವಿಗೆ ಯಾವ ದಾರಿ ಎಂದು ಎಂಜಿನಿಯರು ಮೊದಲು ನೋಡುವುದು ಈ ಲೆಕ್ಕವನ್ನೇ.

ಈ ವಾರದ ಮನೆಗೆಲಸ: ಒಂದು ಲೋಟ ಬೆಚ್ಚನೆಯ ನೀರಿಗೆ ಕಲ್ಲುಪ್ಪನ್ನು, ಇನ್ನು ಕರಗುವುದಿಲ್ಲ ಎನ್ನುವವರೆಗೆ ಕಲಸಿ, ತಿಳಿಯನ್ನು ಎರಡು ತಟ್ಟೆಗೆ ಸಮನಾಗಿ ಹಾಕಿ. ಒಂದನ್ನು ಬಿಸಿಲಿನಲ್ಲಿಡಿ, ಇನ್ನೊಂದನ್ನು ನೆರಳಿನಲ್ಲಿ ಅಲುಗಾಡದಂತೆ ಇಡಿ. ಯಾವ ತಟ್ಟೆಯ ಹರಳು ದೊಡ್ಡದು? ಅವು ಯಾವ ಆಕಾರದಲ್ಲಿವೆ? ಭೂತಗನ್ನಡಿ ಇದ್ದರೆ ಅಜ್ಜನ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ನೀವು ಬರೆದುಕೊಳ್ಳಿ. ಕಲ್ಲುಸಕ್ಕರೆ ದೊಡ್ಡದಾಗಿ, ಮಾಮೂಲಿ ಸಕ್ಕರೆ ಸಣ್ಣದಾಗಿ ಇರುವುದೇಕೆ ಎಂಬುದಕ್ಕೆ ಉತ್ತರ ಆ ತಟ್ಟೆಗಳಲ್ಲೇ ಇದೆ. ಸಿಕ್ಕಿದ್ದನ್ನು ನನಗೆ ಬರೆದು ಕಳಿಸಿ.